ತಾಯಿಯಿಂದ ಬೇರ್ಪಟ್ಟ ಹಂದಿಮರಿಗಳಿಗೆ ಸಿಹಿ ಮೇವು

ಗೋವೆಯಲ್ಲಿ ಹಂದಿ ಸಾಕುತ್ತಿರುವ ನಮ್ಮ ಕನ್ನಡ ಬಂಧುಗಳ ಗಮನಕ್ಕೆ: ಹಾಲು ಬಿಡಿಸಿದ ಮರಿಗಳಲ್ಲಿ ಕೆಲವು ಮೊದಲ ದಿನವಿಡೀ, ಒಮ್ಮೊಮ್ಮೆ ಎರಡು ದಿನವೂ ಮೇವು ಮುಟ್ಟುವುದಿಲ್ಲ, ಹೊಟ್ಟೆ ಖಾಲಿ ಇದ್ದಷ್ಟೂ ಸಣ್ಣ ಕರುಳಿನೊಳಗಿನ, ಪೋಷಕಾಂಶ ಹೀರುವ ಸೂಕ್ಷ್ಮ ಎಳೆಗಳು ಕುಗ್ಗಿ, ಮುಂದೆ ಭೇದಿ ಕಾಣಿಸಿಕೊಳ್ಳುತ್ತದೆ. ಹಂದಿಗೆ ಸಿಹಿ ಹುಟ್ಟುಗುಣದಿಂದಲೇ ಇಷ್ಟವಾದ್ದರಿಂದ ಮೇವಿಗೆ ಸಕ್ಕರೆ ಅಥವಾ ಸ್ಯಾಕರಿನ್ ಆಧಾರಿತ ಪಶು ಆಹಾರದ ಸಿಹಿಕಾರಕ ಸೇರಿಸಿದರೆ ಮರಿಗಳು ಬೇಗ ಬಾಯಿ ಹಾಕಬಹುದು. ಆದರೆ ನಮ್ಮ ನಾಲಿಗೆಗೆ ಸಿಹಿಯಾದುದೆಲ್ಲ ಅವುಗಳಿಗೂ ಸಿಹಿಯಲ್ಲ: ಆಸ್ಪರ್ಟೇಮ್ ಎಂಬ ಕೃತಕ ಸಿಹಿಕಾರಕ ಬೆರೆಸುವುದು ಹಣ ದಂಡ.

ಸಿಹಿಗಿಂತ ರೂಢಿ ಮುಖ್ಯವೆಂಬುದು ನನ್ನ ಅಭಿಪ್ರಾಯ. ಹಾಲು ಕುಡಿಯುತ್ತಿರುವಾಗಲೇ, ಎರಡನೆಯ ವಾರದಿಂದ, ಅದೇ ಸಿಹಿ ಮೇವನ್ನು ಚಿಟಿಕೆಯಷ್ಟು ತಾಯಿ ತಲುಪದ ಮೂಲೆಯಲ್ಲಿಟ್ಟು, ಬೇರ್ಪಡಿಸಿದ ಬಳಿಕವೂ ಅದನ್ನೇ ಅಗಲವಾದ ತಟ್ಟೆಯಲ್ಲಿ ದಿನಕ್ಕೆ ನಾಲ್ಕೈದು ಬಾರಿ ಕೊಟ್ಟರೆ, ಒಂದು ಮರಿ ತಿನ್ನುವುದನ್ನು ಕಂಡು ಉಳಿದವೂ ಕಲಿಯುತ್ತವೆ. ಪಕ್ಕದಲ್ಲಿ ಶುದ್ಧ ನೀರಿರಲೇಬೇಕು; ನೀರಿಲ್ಲದೆ ಒಣ ಮೇವು ಇಳಿಯದು. ಬೆಲ್ಲ ಬೆರೆಸುವವರು ಇಲ್ಲಿನ ಮಳೆಗಾಲದ ತೇವದಲ್ಲಿ ಅದು ಬೂಷ್ಟು ಹಿಡಿಯುವುದನ್ನು ನೆನಪಿಟ್ಟು, ಆಯಾ ದಿನಕ್ಕೆ ಬೇಕಾದಷ್ಟನ್ನೇ ಕಲಸಿ, ಮಿಕ್ಕದ್ದನ್ನು ಸಂಜೆ ತೆಗೆದುಹಾಕಿರಿ. ಸಿಹಿಕಾರಕದ ಪ್ರಮಾಣವನ್ನು ಪೊಟ್ಟಣದ ಮೇಲಿರುವಂತೆಯೇ ಅಳೆಯಿರಿ, ಕೈಯಂದಾಜು ಬೇಡ.