ಬರ್ನಾರ್ಡ್ ನಕ್ಷತ್ರದ ದೂರ ಅಳೆದ ಎರಡು ವರ್ಷ

ಕಾಲೇಜಿನ ಮೈದಾನದ ಅಂಚಿನಲ್ಲಿರುವ ತೆಂಗಿನ ಮರದ ದೂರವನ್ನು ಟೇಪು ಹಿಡಿಯದೆ ಅಳೆಯುವುದು ಪಿಯುಸಿ ಮಕ್ಕಳಿಂದ ನಾನು ಪ್ರತಿ ವರ್ಷ ಮಾಡಿಸುವ ಪ್ರಯೋಗ. ಎರಡು ಗೂಟ ನೆಟ್ಟು, ಒಂದೊಂದರ ಬಳಿ ನಿಂತು ಮರವನ್ನು ನೋಡುತ್ತೇವೆ. ಹಿಂದಿನ ಗುಡ್ಡದ ಎದುರು ಮರ ಎಷ್ಟು ಸರಿದಂತೆ ಕಾಣುತ್ತದೋ ಆ ಕೋನದಿಂದ ದೂರ ಸಿಗುತ್ತದೆ. ಅನುಮಾನ ಬಂದರೆ ಗೂಟಗಳ ಅಂತರವನ್ನು ಎರಡು ಪಟ್ಟು ಮಾಡುತ್ತೇವೆ. ಕೋನವೂ ಹೆಚ್ಚುಕಡಿಮೆ ಎರಡು ಪಟ್ಟಾಗಬೇಕು. 2021ರಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ನಕ್ಷತ್ರದ ದೂರ ಅಳೆಯಲು ಗೂಟ ಎಲ್ಲಿ ನೆಡುತ್ತಾರೆ?”

ಭೂಮಿಯೇ ನಮ್ಮನ್ನು ಆರು ತಿಂಗಳಲ್ಲಿ ಮೂವತ್ತು ಕೋಟಿ ಕಿಲೋಮೀಟರ್ ಆಚೆಗೆ ಒಯ್ದು ನಿಲ್ಲಿಸುತ್ತದೆ, ಅದೇ ಎರಡನೆಯ ಗೂಟ ಎಂದೆ. ಹೇಳಿದ್ದು ಸರಿಯೇ. ಆದರೆ ಅದನ್ನು ನಾನು ಒಮ್ಮೆಯೂ ಮಾಡಿ ನೋಡಿರಲಿಲ್ಲ. ಆ ಸಂಕೋಚವೇ ಮುಂದಿನ ಎರಡು ವರ್ಷ ನನ್ನನ್ನು ಚಳ್ಳಕೆರೆ ಬಳಿಯ ನಮ್ಮೂರ ಮನೆಯ ತಾರಸಿಗೆ ಹತ್ತಿಸಿತು.

ಆರಿಸಿಕೊಂಡದ್ದು ಉರಗಧರ ಪುಂಜದ ಬರ್ನಾರ್ಡ್ ನಕ್ಷತ್ರವನ್ನು. ಬರಿಗಣ್ಣಿಗೆ ಕಾಣದ ಕೆಂಪು ಕುಬ್ಜ, ಅಂದರೆ ಸಣ್ಣ, ಮಂದ ಕೆಂಪು ನಕ್ಷತ್ರ. ಅದು ತನ್ನದೇ ಓಟದಲ್ಲಿ ವರ್ಷಕ್ಕೆ ಹತ್ತು ಆರ್ಕ್‌ಸೆಕೆಂಡಿಗಿಂತ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಹೆಚ್ಚು ಸರಿಯುತ್ತದೆ, ಬಹುಪಾಲು ನೇರ ಉತ್ತರಕ್ಕೆ. ಭೂಮಿಯ ಸುತ್ತಾಟದಿಂದ ನಮಗೆ ಕಾಣುವ ತೂಗಾಟ, ಅಂದರೆ ಪ್ಯಾರಲ್ಯಾಕ್ಸ್, ಈ ನಕ್ಷತ್ರದಲ್ಲಿ ಮುಖ್ಯವಾಗಿ ಪೂರ್ವ-ಪಶ್ಚಿಮ ದಿಕ್ಕಿನದು. ಹೀಗೆ ಎರಡು ಚಲನೆಗಳೂ ಹೆಚ್ಚುಕಡಿಮೆ ತಾವಾಗಿಯೇ ಬೇರೆಯಾಗಿ ನಿಲ್ಲುತ್ತವೆ. ಪ್ರಯೋಗಾಲಯದಲ್ಲಾದರೆ ಒಂದನ್ನು ತಡೆದು ಇನ್ನೊಂದನ್ನು ಅಳೆಯಬಹುದಿತ್ತು. ಆಕಾಶದಲ್ಲಿ ಏನನ್ನೂ ತಡೆಯಲಾಗದು, ತಡೆದಂತೆಯೇ ಇರುವ ಕಡೆಯನ್ನು ಹುಡುಕಿಕೊಳ್ಳಬೇಕು. 1912ರಲ್ಲಿ ಅಮೆರಿಕದ ಖಗೋಳಜ್ಞೆ ಹೆನ್ರಿಯೆಟಾ ಲೀವಿಟ್ ಮಾಡಿದ್ದೂ ಇದನ್ನೇ. ಕಿರಿಯ ಮೆಗೆಲಾನಿಕ್ ಮೋಡ ಎಂಬ ನೆರೆಯ ಗೆಲಾಕ್ಸಿಯ 25 ಚಂಚಲ (ಬೆಳಕು ಏರಿಳಿಯುವ) ನಕ್ಷತ್ರಗಳು ನಮ್ಮಿಂದ ಬಹುತೇಕ ಒಂದೇ ದೂರದಲ್ಲಿವೆ. ಹಾಗಾಗಿ ಅವುಗಳ ನಡುವೆ ಕಾಣುವ ಬೆಳಕಿನ ವ್ಯತ್ಯಾಸ ನಿಜವಾದ ವ್ಯತ್ಯಾಸವೇ ಎಂದು ಆಕೆ ನಂಬಬಹುದಿತ್ತು.

ನನ್ನ ಬಳಿ ಇದ್ದದ್ದು ಎಂಟು ಇಂಚಿನ ದೂರದರ್ಶಕ ಮತ್ತು ಒಂದು ಕಪ್ಪು-ಬಿಳುಪು ಕ್ಯಾಮೆರಾ. ಅದರ ಚಿತ್ರದಲ್ಲಿ ಒಂದು ಪಿಕ್ಸೆಲ್ ಎಂದರೆ 0.77 ಆರ್ಕ್‌ಸೆಕೆಂಡ್. ಒಂದು ಆರ್ಕ್‌ಸೆಕೆಂಡ್ ಎಂದರೆ ಐದು ಕಿಲೋಮೀಟರ್ ದೂರದಲ್ಲಿಟ್ಟ ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯ ಕಾಣುವಷ್ಟು. ಪರದೆಯ ಮೇಲೆ ದೊಡ್ಡದು ಮಾಡಿದರೆ ನಕ್ಷತ್ರ ಚುಕ್ಕಿಯಾಗಿರುವುದಿಲ್ಲ. ನಾಲ್ಕೈದು ಪಿಕ್ಸೆಲ್‌ಗಳಿಗೆ ಹರಡಿದ, ಅಂಚು ಕರಗಿದ ಬೂದು ಕಲೆ ಅದು. ಗಾಳಿ ಅದನ್ನು ಚಿತ್ರದಿಂದ ಚಿತ್ರಕ್ಕೆ ಅಲುಗಿಸುತ್ತದೆ. ಒಂದು ರಾತ್ರಿಗೆ ನಲವತ್ತು ಚಿತ್ರ ತೆಗೆದು, ಪ್ರತಿಯೊಂದರಲ್ಲೂ ಕಲೆಯ ಬೆಳಕಿನ ನಡುಬಿಂದುವನ್ನು ಲೆಕ್ಕ ಹಾಕಿ, ಸುತ್ತಲಿನ ಎಂಟು ಮಂದ ನಕ್ಷತ್ರಗಳಿಗೆ ಹೋಲಿಸಿ ಸರಾಸರಿ ತೆಗೆದೆ. 1838ರಲ್ಲಿ ಜರ್ಮನ್ ಖಗೋಳಜ್ಞ ಬೆಸೆಲ್ 61 ಸಿಗ್ನಿ ನಕ್ಷತ್ರದ ದೂರ ಕಂಡದ್ದೂ ಪಕ್ಕದ ಎರಡು ನಕ್ಷತ್ರಗಳಿಗೆ ಹೋಲಿಸಿಯೇ.

ತೂಗಾಟದ ಪೂರ್ವದ ಕೊನೆ ಮಾರ್ಚ್‌ನಲ್ಲಿ, ಪಶ್ಚಿಮದ ಕೊನೆ ಸೆಪ್ಟೆಂಬರ್‌ನಲ್ಲಿ ಬರುತ್ತದೆ. 2022ರ ಮಾರ್ಚ್‌ನಲ್ಲಿ ಬೆಳಗಿನ ಜಾವ ಎರಡು ಗಂಟೆಗೆ ಚಿತ್ರ ತೆಗೆದೆ, ಮರುದಿನ ಪಾಠವಿದ್ದುದರಿಂದ. ಸೆಪ್ಟೆಂಬರ್‌ನಲ್ಲಿ ಮೋಡ ಬಿಟ್ಟುಕೊಟ್ಟದ್ದು ಎರಡೇ ರಾತ್ರಿ, ಅದೂ ಒಂಬತ್ತು ಗಂಟೆಯ ಮೇಲೆ. 2023ರ ಮಾರ್ಚ್‌ನಲ್ಲಿ ಮತ್ತೆ ಎರಡು ಗಂಟೆಗೆ. ಎರಡು ಮಾರ್ಚ್‌ಗಳ ಸರಾಸರಿ ಸ್ಥಾನದಿಂದ ಸೆಪ್ಟೆಂಬರ್‌ನ ಸ್ಥಾನವನ್ನು ಕಳೆದರೆ ನಕ್ಷತ್ರದ ಸ್ವಂತ ಓಟ ಹೊರಟುಹೋಗಿ ತೂಗಾಟದ ಪೂರ್ತಿ ಅಗಲ ಉಳಿಯುತ್ತದೆ. ಲೆಕ್ಕದಲ್ಲಿ ಪ್ಯಾರಲ್ಯಾಕ್ಸ್ ಎನ್ನುವುದು ಅದರ ಅರ್ಧವನ್ನು. ನನಗೆ ಸಿಕ್ಕ ಪ್ಯಾರಲ್ಯಾಕ್ಸ್ 0.8 ಆರ್ಕ್‌ಸೆಕೆಂಡ್, ಅಂದರೆ ದೂರ 4.1 ಜ್ಯೋತಿರ್ವರ್ಷ.

ಇದು ಸಾಧ್ಯವಿಲ್ಲ. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾವೇ 4.24 ಜ್ಯೋತಿರ್ವರ್ಷ ದೂರದಲ್ಲಿದೆ.

ತೆಂಗಿನ ಮರದ ವಿಷಯದಲ್ಲಾದರೆ ಗೂಟ ಕಿತ್ತು ಬೇರೆಡೆ ನೆಡುತ್ತಿದ್ದೆ. ಭೂಮಿಯ ಕಕ್ಷೆಯನ್ನು ಏನು ಮಾಡಲಿ? ನಾಲ್ಕು ದಿನ ಲೆಕ್ಕವನ್ನೇ ತಿದ್ದುತ್ತ ಕುಳಿತೆ, ಲೆಕ್ಕದಲ್ಲಿ ತಪ್ಪಿರಲಿಲ್ಲ. ಐದನೆಯ ರಾತ್ರಿ ಎರಡು ಗಂಟೆಯಿಂದ ಐದೂಕಾಲರವರೆಗೆ ಬಿಡದೆ ಚಿತ್ರ ತೆಗೆದೆ. ಮೂರು ಗಂಟೆಯಲ್ಲಿ ಪ್ಯಾರಲ್ಯಾಕ್ಸ್ ಬದಲಾಗುವುದು ಲೆಕ್ಕಕ್ಕೇ ಬಾರದಷ್ಟು. ಆದರೂ ನಕ್ಷತ್ರ ಅಕ್ಕಪಕ್ಕದವುಗಳ ನಡುವೆ ಪಶ್ಚಿಮಕ್ಕೆ ಆರ್ಕ್‌ಸೆಕೆಂಡಿನ ಮೂರನೇ ಒಂದು ಭಾಗ ಸರಿದಿತ್ತು!

ತಪ್ಪು ಗಾಳಿಯದು. ವಾತಾವರಣ ನಕ್ಷತ್ರದ ಬೆಳಕನ್ನು ಬಗ್ಗಿಸಿ ಅದನ್ನು ತುಸು ಮೇಲೆ ತೋರಿಸುತ್ತದೆ, ಕೆಂಪು ಬೆಳಕನ್ನು ಮಾತ್ರ ಕಡಿಮೆ ಬಗ್ಗಿಸುತ್ತದೆ. ಬರ್ನಾರ್ಡ್ ಕೆಂಪು, ಹೋಲಿಕೆಗೆ ಇಟ್ಟುಕೊಂಡವು ಹೆಚ್ಚಾಗಿ ಬಿಳಿ, ಹಳದಿ. ಮಾರ್ಚ್‌ನ ಎರಡು ಗಂಟೆಗೆ ಅದು ಪೂರ್ವದ ದಿಗಂತದಿಂದ ಇಪ್ಪತ್ತೈದು ಡಿಗ್ರಿಯೂ ಏರಿರುವುದಿಲ್ಲ, ಆಗ ಗಾಳಿ ಅದನ್ನು ನೆರೆಯವುಗಳಿಗಿಂತ ಪೂರ್ವಕ್ಕೆ ತೋರಿಸುತ್ತದೆ. ಸೆಪ್ಟೆಂಬರ್‌ನ ಒಂಬತ್ತಕ್ಕೆ ಪಶ್ಚಿಮಕ್ಕೆ ವಾಲಿರುವಾಗ ಪಶ್ಚಿಮಕ್ಕೆ ತೋರಿಸುತ್ತದೆ. ಎರಡು ಸಲವೂ ಪ್ಯಾರಲ್ಯಾಕ್ಸ್‌ನ ದಿಕ್ಕಿಗೇ, ಅದೇ ತಿಂಗಳುಗಳ ಲಯದಲ್ಲೇ. ಇಷ್ಟು ಅಚ್ಚುಕಟ್ಟಾಗಿ ನಿಜದ ವೇಷ ಹಾಕಿಕೊಂಡ ದೋಷವನ್ನು ನಾನು ಮೇಜಿನ ಮೇಲಿನ ಯಾವ ಪ್ರಯೋಗದಲ್ಲೂ ಕಂಡಿಲ್ಲ.

ಆಗ ಇಂಗ್ಲೆಂಡಿನ ಖಗೋಳಜ್ಞ ಜೇಮ್ಸ್ ಬ್ರ್ಯಾಡ್ಲಿ ನೆನಪಾದರು. 1725ರ ಡಿಸೆಂಬರ್‌ನಲ್ಲಿ ಅವರೂ ಪ್ಯಾರಲ್ಯಾಕ್ಸ್ ಹುಡುಕುತ್ತ ಗಾಮಾ ಡ್ರಕೋನಿಸ್ ನಕ್ಷತ್ರಕ್ಕೆ ದೂರದರ್ಶಕ ನಿಲ್ಲಿಸಿದ್ದರು. ನಕ್ಷತ್ರ ಸರಿದದ್ದು ನಿಜ. ಆದರೆ ದಕ್ಷಿಣದ ಕೊನೆಯನ್ನು ಡಿಸೆಂಬರ್‌ನಲ್ಲಿ ಮುಟ್ಟಬೇಕಾದದ್ದು ಮುಟ್ಟಿದ್ದು ಮಾರ್ಚ್‌ನಲ್ಲಿ. ಮೂರು ತಿಂಗಳ ಆ ವ್ಯತ್ಯಾಸವನ್ನು ಅವರು ಕಡೆಗಣಿಸಲಿಲ್ಲ. ಭೂಮಿಯ ವೇಗದಿಂದ ಬೆಳಕು ವಾಲಿದಂತೆ ಕಾಣುತ್ತದೆ ಎಂಬ ಬೇರೆಯದೇ ಸತ್ಯ ಅದರಿಂದ ಹೊರಬಂತು. ವೀಕ್ಷಕನ ಕೈಯಲ್ಲಿ ಇರುವುದು ಗಡಿಯಾರ ಮತ್ತು ಪಂಚಾಂಗ, ಬ್ರ್ಯಾಡ್ಲಿ ಅವೆರಡನ್ನೂ ನಂಬಿದರು. ನನ್ನ ವಿಷಯದಲ್ಲಿ ಪಂಚಾಂಗ ಮೋಸಹೋಗಿತ್ತು, ಗಡಿಯಾರ ಕಾಪಾಡಿತು.

ಎಲ್ಲ ನಕ್ಷತ್ರಗಳಿಂದಲೂ ಕೆಂಪು ಬೆಳಕಷ್ಟೇ ಕ್ಯಾಮೆರಾಗೆ ಬರಲೆಂದು ಕೆಂಪು ಫಿಲ್ಟರ್ ಕೊಂಡು ತಂದೆ. ಮಾರ್ಚ್‌ನಲ್ಲಿ ಐದು ಗಂಟೆಗೆ, ಸೆಪ್ಟೆಂಬರ್‌ನಲ್ಲಿ ಕತ್ತಲಾದ ಕೂಡಲೇ, ನಕ್ಷತ್ರ ನೆತ್ತಿಯ ಬಳಿ ಇರುವಾಗ ಮಾತ್ರ ಚಿತ್ರ ತೆಗೆಯುವುದೆಂದು ನಿಶ್ಚಯಿಸಿದೆ. ಹಳೆಯದನ್ನೆಲ್ಲ ಬಿಟ್ಟು 2023ರ ಮಾರ್ಚ್‌ನಿಂದಲೇ ಹೊಸದಾಗಿ ಎಣಿಸಿದೆ. 2024ರ ಮಾರ್ಚ್‌ನ ಚಿತ್ರಗಳು ಸೇರಿದ ಮೇಲೆ ಬಂದದ್ದು 0.58 ಆರ್ಕ್‌ಸೆಕೆಂಡ್, ಅದರಲ್ಲಿ 0.06ರಷ್ಟು ಆಚೀಚೆ ಇರಬಹುದು. ಅಂದರೆ ಸುಮಾರು 5.6 ಜ್ಯೋತಿರ್ವರ್ಷ. ಗಾಯಾ ಉಪಗ್ರಹದ ಅಳತೆ 0.547, ದೂರ ಸುಮಾರು 6 ಜ್ಯೋತಿರ್ವರ್ಷ.

ಇಷ್ಟಕ್ಕೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಜೂನ್‌ನಲ್ಲಿ ಪೂರ್ವ-ಪಶ್ಚಿಮ ತೂಗಾಟ ಸೊನ್ನೆಯಾಗುತ್ತದೆ, ನಡುರಾತ್ರಿಗೆ ನಕ್ಷತ್ರ ನೆತ್ತಿಯ ಬಳಿಯೇ ಇರುತ್ತದೆ. 2024ರ ಮೇ ತಿಂಗಳಲ್ಲೇ ಗ್ರಾಫ್ ಹಾಳೆಯ ಮೇಲೆ ಅದು ಎಲ್ಲಿರಬೇಕೆಂದು ಪೆನ್ಸಿಲ್‌ನಿಂದ ಒಂದು ಸಣ್ಣ ವೃತ್ತ ಬರೆದು, ಪಕ್ಕದಲ್ಲಿ ದಿನಾಂಕ ಹಾಕಿಟ್ಟೆ. ಮುಂಗಾರಿನ ನಡುವೆ ಜೂನ್‌ನಲ್ಲಿ ಒಂದೇ ಒಂದು ರಾತ್ರಿ ಎರಡು ಗಂಟೆಗಳ ಕಾಲ ಮೋಡ ಚದುರಿತು. ಚುಕ್ಕಿ ವೃತ್ತದ ಒಳಗೇ ಬಿತ್ತು, ಪಶ್ಚಿಮದ ಅಂಚಿಗೆ ತುಸು ಹತ್ತಿರವಾಗಿ.