ನಗರಾಡಳಿತದ ಪ್ರಕಟಣೆಯನ್ನು ಓದಿ, ಕಾಮಗಾರಿಯನ್ನು ಕೊನೆಯವರೆಗೆ ಗಮನಿಸುವ ಬಗೆ

ರಸ್ತೆ, ಚರಂಡಿ, ಬೀದಿದೀಪ, ಉದ್ಯಾನ, ಗ್ರಂಥಾಲಯಗಳ ಕುರಿತು ಸ್ಥಳೀಯ ಸಂಸ್ಥೆ ಹೊರಡಿಸುವ ಪ್ರಕಟಣೆಗಳನ್ನು ನಮ್ಮಲ್ಲಿ ಬಹುಪಾಲು ಮಂದಿ ಸುದ್ದಿಯೆಂದು ಓದಿ ಮರೆತುಬಿಡುತ್ತೇವೆ. ಆದರೆ ಸರಿಯಾಗಿ ಓದಿದರೆ ಅದರಲ್ಲಿ ಸುದ್ದಿಗಿಂತ ದೊಡ್ಡ ಉಪಯೋಗವಿದೆ: ಒಂದು ಕೆಲಸ ಈಗ ಯಾವ ಹಂತದಲ್ಲಿದೆ, ಆ ಹಂತದಲ್ಲಿ ನಿವಾಸಿಗಳು ಹೇಳುವ ಮಾತಿನಿಂದ ಏನು ಬದಲಾಗಬಹುದು ಎಂಬುದು ಅದರಿಂದ ತಿಳಿಯುತ್ತದೆ. ಬೀದಿ ಅಗೆದ ದಿನ ಗುಂಪು ಸೇರಿ ಎತ್ತುವ ಆಕ್ಷೇಪಕ್ಕಿಂತ, ನಕ್ಷೆ ಇನ್ನೂ ಕಾಗದದ ಮೇಲಿರುವಾಗ ಬರೆದ ಒಂದು ಪುಟದ ಪತ್ರಕ್ಕೆ ಫಲ ಹೆಚ್ಚು.

ಆದ್ದರಿಂದ ಪ್ರಕಟಣೆ ಕೈಗೆ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಹಂತವನ್ನು ಗುರುತಿಸುವುದು. ದೇಶದಿಂದ ದೇಶಕ್ಕೆ ಹೆಸರುಗಳು ಬೇರೆಯಾದರೂ ಸಾರ್ವಜನಿಕ ಕಾಮಗಾರಿಯ ದಾರಿ ಸರಿಸುಮಾರು ಒಂದೇ: ಪ್ರಸ್ತಾವ, ಅಂದಾಜು ಪಟ್ಟಿ, ಅನುಮೋದನೆ, ಟೆಂಡರ್, ಕಾರ್ಯಾದೇಶ, ಕೆಲಸ, ಅಳತೆ, ಹಣ ಪಾವತಿ. 'ಅನುಮೋದನೆ ದೊರೆತಿದೆ' ಎಂದು ಓದಿದವರು ಮರುವಾರವೇ ಕೆಲಸ ಶುರುವಾಗುತ್ತದೆಂದು ಕಾದು ನಿರಾಶರಾಗುವುದುಂಟು. ಅನುಮೋದನೆಗೂ ಕಾರ್ಯಾದೇಶಕ್ಕೂ ನಡುವೆ ಟೆಂಡರ್ ಕರೆಯುವ, ಬಂದ ದರಗಳನ್ನು ಪರಿಶೀಲಿಸುವ, ಗುತ್ತಿಗೆದಾರರೊಡನೆ ಕರಾರು ಮಾಡಿಕೊಳ್ಳುವ ದೀರ್ಘ ಪ್ರಕ್ರಿಯೆ ಇರುತ್ತದೆ. ಒಮ್ಮೆ ಟೆಂಡರ್ ಹೊರಬಿದ್ದ ಮೇಲೆ ಕೆಲಸದ ವ್ಯಾಪ್ತಿಯನ್ನು ಬದಲಿಸುವುದು ಎಲ್ಲರಿಗೂ ಕಷ್ಟ, ಏಕೆಂದರೆ ಪ್ರತಿ ಬದಲಾವಣೆಗೂ ಹೊಸ ಲೆಕ್ಕ ಮತ್ತು ಹೊಸ ಒಪ್ಪಿಗೆ ಬೇಕಾಗುತ್ತದೆ. ಸಲಹೆ ಕೊಡಬೇಕೆಂದಿರುವವರು ಅದಕ್ಕೂ ಮೊದಲೇ, ಅಂದರೆ ಪ್ರಸ್ತಾವ ಮತ್ತು ಅಂದಾಜು ಪಟ್ಟಿಯ ಹಂತದಲ್ಲೇ ಕೊಡಬೇಕು.

ಅಂದಾಜು ಪಟ್ಟಿ ನೋಡಲು ಒಣ ದಾಖಲೆಯಂತೆ ಕಂಡರೂ ಇಡೀ ಕಾಮಗಾರಿಯ ಜೀವ ಅದರಲ್ಲೇ ಇರುತ್ತದೆ, ಮತ್ತು ಅದನ್ನು ಓದಲು ಎಂಜಿನಿಯರ್ ಆಗಿರಬೇಕಿಲ್ಲ. ಉದ್ದ, ಅಗಲ, ದಪ್ಪ, ಬಳಸುವ ಸಾಮಗ್ರಿ ಮತ್ತು ಪ್ರಮಾಣ ಇವಿಷ್ಟನ್ನು ಹುಡುಕಿ. ನಂತರ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನು ಯೋಚಿಸಿ. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಮುಖ್ಯ. ಡಾಂಬರು ರಸ್ತೆಯನ್ನು ಬೇಗ ಹಾಳುಮಾಡುವುದು ನಿಂತ ನೀರು. ರಸ್ತೆಯ ಮೇಲ್ಮೈಗೆ ಹಣವಿದ್ದು ಚರಂಡಿಗೆ ಇಲ್ಲದಿದ್ದರೆ, ಅಥವಾ ಚರಂಡಿಯ ನೀರು ಮುಂದೆ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ನಕ್ಷೆಯಲ್ಲಿ ಕಾಣದಿದ್ದರೆ, ಹೊಸ ರಸ್ತೆಯ ಆಯಸ್ಸು ಕಡಿಮೆಯೆಂದೇ ತಿಳಿಯಬೇಕು. ಅದೇ ಬೀದಿಯ ಕೆಳಗೆ ಹಳೆಯ ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್ ಇದ್ದಲ್ಲಿ, ಅವುಗಳನ್ನು ಬದಲಿಸುವ ಯೋಜನೆ ಮುಂದಿನ ಎರಡು ಮೂರು ವರ್ಷಗಳಲ್ಲಿದೆಯೇ ಎಂದು ಈಗಲೇ ಕೇಳಬೇಕು. ಹೊಸದಾಗಿ ಹಾಕಿದ ರಸ್ತೆಯನ್ನು ಮತ್ತೆ ಅಗೆಯುವ ಪ್ರಸಂಗ ಬಹಳ ಸಲ ಬರುವುದು ಇಲಾಖೆಗಳು ತಮ್ಮೊಳಗೆ ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ಇದ್ದುದರಿಂದ. ಪಾದಚಾರಿ ಮಾರ್ಗವಾದರೆ ಗಾಲಿಕುರ್ಚಿಯ ಇಳಿಜಾರನ್ನು ನೋಡಿ. ಅನೇಕ ದೇಶಗಳ ಮಾನದಂಡಗಳಲ್ಲಿ ಈ ಇಳಿಜಾರಿನ ಮಿತಿ 1:12 ಎಂದಿದೆ, ಅಂದರೆ 15 ಸೆಂಟಿಮೀಟರ್ ಎತ್ತರವನ್ನು ಏರಲು ಕನಿಷ್ಠ 1.8 ಮೀಟರ್ ಉದ್ದ ಬೇಕು. ನಕ್ಷೆಯಲ್ಲಿ ಅಷ್ಟು ಜಾಗ ಬಿಟ್ಟಿಲ್ಲವಾದರೆ, ಕೊನೆಯಲ್ಲಿ ಸಿಮೆಂಟು ಮೆತ್ತಿ ಮಾಡುವ ಕಡಿದಾದ ಇಳಿಜಾರು ಯಾರಿಗೂ ಉಪಯೋಗಕ್ಕೆ ಬಾರದು.

ಅಂದಾಜು ಪಟ್ಟಿ ಪ್ರಕಟಣೆಯ ಜೊತೆಯಲ್ಲಿ ಬರುವುದು ಅಪರೂಪ; ಅದನ್ನು ಕೇಳಿ ಪಡೆಯಬೇಕು. ಸಾರ್ವಜನಿಕ ದಾಖಲೆಗಳನ್ನು ನೋಡುವ ಹಕ್ಕು ಹೊಸದೇನೂ ಅಲ್ಲ. ಸ್ವೀಡನ್ 1766ರಲ್ಲೇ ಅದನ್ನು ಕಾನೂನಿನಲ್ಲಿ ಬರೆಯಿತು, ಭಾರತದಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಅರ್ಜಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕೆಂದು ವಿಧಿಸಿದೆ. ಆದರೂ ಕಾನೂನಿನ ಅರ್ಜಿಯನ್ನೇ ಮೊದಲ ಹೆಜ್ಜೆಯಾಗಿ ಮಾಡಬಾರದೆಂದು ನನ್ನ ಸಲಹೆ. ಸಭೆಯ ಕಾರ್ಯಸೂಚಿ, ನಡವಳಿ ಮತ್ತು ಆಯವ್ಯಯ ಪುಸ್ತಕ ಹಲವು ಕಡೆ ಕೇಳದೆಯೇ ದೊರೆಯುತ್ತವೆ, ಮತ್ತು ಸಂಬಂಧಪಟ್ಟ ಕಚೇರಿಗೆ ಸೌಜನ್ಯದಿಂದ ಬರೆದ ಪತ್ರವೇ ಎಷ್ಟೋ ಬಾರಿ ಸಾಕಾಗುತ್ತದೆ. ಪತ್ರದಲ್ಲಿ ಒಂದೇ ಕಾಮಗಾರಿಯ ವಿಷಯವಿರಲಿ. ಪ್ರಕಟಣೆಯಲ್ಲಿ ಇರುವಂತೆಯೇ ಅದರ ಹೆಸರು, ಸಂಖ್ಯೆ ಮತ್ತು ದಿನಾಂಕವನ್ನು ಬರೆಯಿರಿ. ಹೌದು-ಅಲ್ಲ ಎಂದೋ, ಒಂದು ದಿನಾಂಕದಿಂದಲೋ, ಒಂದು ಅಳತೆಯಿಂದಲೋ ಉತ್ತರಿಸಬಹುದಾದ ಪ್ರಶ್ನೆಯನ್ನು ಕೇಳಿ. 'ನಮ್ಮ ಬಡಾವಣೆಯನ್ನು ಏಕೆ ಕಡೆಗಣಿಸಿದ್ದೀರಿ' ಎಂಬ ಪ್ರಶ್ನೆಯ ಹಿಂದಿನ ನೋವು ನಿಜವೇ ಆದರೂ ಅದಕ್ಕೆ ಯಾವ ಅಧಿಕಾರಿಯೂ ಕಡತ ನೋಡಿ ಉತ್ತರ ಬರೆಯಲಾರ. 'ಈ ಕಾಮಗಾರಿಯ ಕಾರ್ಯಾದೇಶವನ್ನು ಯಾವ ದಿನಾಂಕದಂದು ನೀಡಲಾಗಿದೆ, ಮುಗಿಸಬೇಕಾದ ಅವಧಿ ಎಷ್ಟು' ಎಂಬುದಕ್ಕೆ ಬರೆಯಬಲ್ಲ.

ಇಲ್ಲಿ ದೂರು ಮತ್ತು ಪ್ರಶ್ನೆಗಳನ್ನು ಬೇರೆಯಾಗಿಡಬೇಕು. ಕೆಟ್ಟ ಬೀದಿದೀಪ, ಬಾಯ್ತೆರೆದ ಮ್ಯಾನ್‌ಹೋಲ್, ರಸ್ತೆಗುಂಡಿ ಇವು ದೂರು ವಿಭಾಗಕ್ಕೆ ಹೋಗಬೇಕಾದ ವಿಷಯಗಳು. ತುರ್ತಲ್ಲದ ದೂರುಗಳಿಗಾಗಿ ಅಮೆರಿಕದ ಬಾಲ್ಟಿಮೋರ್ ನಗರ 1996ರಲ್ಲಿ 311 ಎಂಬ ಒಂದೇ ದೂರವಾಣಿ ಸಂಖ್ಯೆಯನ್ನು ಆರಂಭಿಸಿತು. 2007ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಫಿಕ್ಸ್‌ಮೈಸ್ಟ್ರೀಟ್ ಸೇವೆ ದೂರನ್ನು ನಕ್ಷೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿತು. ನಿಮ್ಮ ಊರಿನ ವ್ಯವಸ್ಥೆ ಯಾವುದೇ ಇರಲಿ, ದೂರಿನ ಸಂಖ್ಯೆಯನ್ನು ಪಡೆದು ಇಟ್ಟುಕೊಳ್ಳಿ. ಆದರೆ ಕಾಮಗಾರಿಯ ವಿನ್ಯಾಸದ ಕುರಿತ ಆಕ್ಷೇಪವನ್ನು ದೂರು ವಿಭಾಗಕ್ಕೆ ಕಳುಹಿಸಿದರೆ, ಅಲ್ಲಿನವರಿಗೆ ಅದನ್ನು ಬದಲಿಸುವ ಅಧಿಕಾರವಿಲ್ಲದ ಕಾರಣ, ಅದು 'ಪರಿಹರಿಸಲಾಗಿದೆ' ಎಂಬ ಷರಾದೊಂದಿಗೆ ಮುಚ್ಚಿಹೋಗುವ ಸಂಭವವೇ ಹೆಚ್ಚು.

ಆಯವ್ಯಯ ಪುಸ್ತಕವನ್ನು ಇಡೀ ಓದಬೇಕಾದ ಅಗತ್ಯವಿಲ್ಲ. ನಿಮಗೆ ಬೇಕಾದ ಒಂದು ಸಾಲನ್ನು ಹುಡುಕಿ, ಕಳೆದ ವರ್ಷ ಇಟ್ಟ ಹಣ, ಪರಿಷ್ಕರಿಸಿದ ಮೊತ್ತ, ನಿಜವಾಗಿ ಖರ್ಚಾದ ಹಣ ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಘೋಷಣೆಯಲ್ಲಿ ಕಾಣಿಸುವುದು ಮೊದಲನೆಯದು ಮಾತ್ರ.

ಸಾರ್ವಜನಿಕ ಸಭೆಗೆ ಹೋಗುವವರು ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದ ಕ್ರಮವನ್ನು ನೆನಪಿಡಬಹುದು. 1989ರಲ್ಲಿ ಅಲ್ಲಿ ಆರಂಭವಾದ ಜನಸಹಭಾಗಿತ್ವದ ಆಯವ್ಯಯದಲ್ಲಿ, ಪ್ರತಿ ವರ್ಷದ ಮೊದಲ ಸುತ್ತಿನ ಸಭೆಗಳಲ್ಲಿ ಹಿಂದಿನ ವರ್ಷ ಒಪ್ಪಿಕೊಂಡ ಕೆಲಸಗಳಲ್ಲಿ ಯಾವುವು ನಡೆದವು ಎಂಬ ವರದಿಯನ್ನು ಆಡಳಿತ ಜನರ ಮುಂದೆ ಒಪ್ಪಿಸಬೇಕಿತ್ತು. ಆ ಕ್ರಮ ಇಲ್ಲದ ಕಡೆಯೂ ನಿವಾಸಿಗಳೇ ಅದನ್ನು ಪಾಲಿಸಬಹುದು: ಹೊಸ ಬೇಡಿಕೆಯನ್ನು ಮುಂದಿಡುವ ಮೊದಲು ಹಳೆಯ ಭರವಸೆಯ ಸ್ಥಿತಿಯನ್ನು ಕೇಳಿ, ಉತ್ತರವನ್ನು ನಡವಳಿಯಲ್ಲಿ ದಾಖಲಿಸಬೇಕೆಂದು ಕೋರಿ. ಸಭೆಗೆ ಬರಲಾಗದವರ ಮಾತನ್ನೂ ಯಾರಾದರೂ ಹೊತ್ತುಕೊಂಡು ಹೋಗಲೇಬೇಕು. ಕೆಲಸದ ವೇಳೆಯಲ್ಲಿ ನಡೆಯುವ ಸಭೆಗೆ ದಿನಗೂಲಿಯವರು ಬರುವುದಿಲ್ಲ, ಮೆಟ್ಟಿಲು ಹತ್ತಬೇಕಾದ ಸಭಾಂಗಣಕ್ಕೆ ವೃದ್ಧರು ಬರುವುದಿಲ್ಲ, ಮಕ್ಕಳನ್ನಂತೂ ಯಾರೂ ಕರೆಯುವುದೇ ಇಲ್ಲ. ಉದ್ಯಾನವನ್ನು ಅತಿ ಹೆಚ್ಚು ಬಳಸುವವರು ಇವರೇ.

ಉದ್ಯಾನ, ವಾಚನಾಲಯ, ಸಮುದಾಯ ಭವನಗಳ ಉದ್ಘಾಟನೆಯ ಪ್ರಕಟಣೆ ಬಂದಾಗ ಸಂತೋಷಪಡುವುದು ಸಹಜ, ಪಡಲೇಬೇಕು. ಜೊತೆಗೆ ಅದರ ನಿರ್ವಹಣೆಗೆ ಪ್ರತ್ಯೇಕವಾಗಿ ಹಣವಿಟ್ಟಿದ್ದಾರೆಯೇ, ತೆರೆದಿಡುವ ವೇಳೆ ಯಾವುದು, ಬೀಗದ ಕೈ ಯಾರ ಬಳಿ ಇರುತ್ತದೆ, ಶೌಚಾಲಯವನ್ನು ಯಾರು ಸ್ವಚ್ಛಗೊಳಿಸುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಕಟ್ಟಲು ಬರುವ ಅನುದಾನದಲ್ಲಿ ನಡೆಸುವ ಖರ್ಚು ಸೇರಿರುವುದು ಕಡಿಮೆ.

ಕೆಲಸ ನಡೆಯುವಾಗ ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿನಿಂದ, ದಿನಾಂಕ ಕಾಣುವಂತೆ ಛಾಯಾಚಿತ್ರಗಳನ್ನು ತೆಗೆಯಿರಿ. ಅಗೆದ ಕಾಲುವೆಯನ್ನು ಮುಚ್ಚುವಾಗ ಮಣ್ಣನ್ನು ಪದರಪದರವಾಗಿ ಹಾಕಿ, ಪ್ರತಿ ಪದರವನ್ನೂ ದಮ್ಮಸ್ಸು ಮಾಡಬೇಕು. ಒಮ್ಮೆಲೇ ಸುರಿದು ಮುಚ್ಚಿದರೆ ಮಳೆ ಬಿದ್ದ ಮೇಲೆ ಅಲ್ಲಿ ಕುಸಿತ ಖಚಿತ. ಕಾಂಕ್ರೀಟನ್ನು ಕನಿಷ್ಠ 7 ದಿನ ತೇವವಾಗಿ ಇಡಬೇಕು, ಅದರ ಬಲವನ್ನು ಸಾಮಾನ್ಯವಾಗಿ 28ನೆಯ ದಿನಕ್ಕೆ ಪರೀಕ್ಷಿಸುತ್ತಾರೆ. ಆದ್ದರಿಂದ ಹಾಕಿದ ಮರುದಿನವೇ ವಾಹನ ಬಿಡಿರೆಂದು ಒತ್ತಾಯಿಸುವುದು ನಾವೇ ನಮ್ಮ ರಸ್ತೆಗೆ ಮಾಡಿಕೊಳ್ಳುವ ಹಾನಿ. ತಪ್ಪು ಕಂಡಲ್ಲಿ ಕೆಲಸಗಾರರೊಡನೆ ಜಗಳವಾಡಬೇಡಿ, ಅವರು ಹೇಳಿದಷ್ಟನ್ನು ಮಾಡುವವರು. ಚಿತ್ರವನ್ನು ಮೇಲ್ವಿಚಾರಣೆಯ ಎಂಜಿನಿಯರ್‌ಗೆ ಅದೇ ದಿನ ಕಳುಹಿಸಿ, ಏಕೆಂದರೆ ಮುಚ್ಚಿಹೋದ ಕೆಲಸವನ್ನು ಆಮೇಲೆ ಅಳೆಯುವುದು ಸುಲಭವಲ್ಲ.

'ಪೂರ್ಣಗೊಂಡಿದೆ' ಎಂಬ ಪ್ರಕಟಣೆ ಬಂದ ಮೇಲೂ ಕಡತವನ್ನು ಮುಚ್ಚಬೇಡಿ. ಹೆಚ್ಚಿನ ಗುತ್ತಿಗೆಗಳಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಂದಿರುತ್ತದೆ. ಆ ಅವಧಿಯಲ್ಲಿ ಕಂಡುಬಂದ ಕಳಪೆ ಕೆಲಸವನ್ನು ಗುತ್ತಿಗೆದಾರ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಅವಧಿ ಎಷ್ಟೆಂಬುದು ಕರಾರಿನಲ್ಲಿರುತ್ತದೆ, ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ. ಅದು ಮುಗಿಯುವ ದಿನಾಂಕವನ್ನು ಕಚೇರಿಯಿಂದ ಬರಹದಲ್ಲಿ ಪಡೆಯಿರಿ. ಅದಕ್ಕೂ ಎರಡು ತಿಂಗಳ ಮೊದಲು, ಸಾಧ್ಯವಾದರೆ ಮಳೆಯ ಮರುದಿನ, ನೆರೆಹೊರೆಯ ಇಬ್ಬರನ್ನು ಕರೆದುಕೊಂಡು ಇಡೀ ಉದ್ದಕ್ಕೂ ನಡೆದು, ನೀರು ನಿಂತ ಜಾಗ, ಬಿರುಕು, ಕುಸಿದ ಅಂಚು, ಅಲುಗಾಡುವ ಚಪ್ಪಡಿಗಳನ್ನು ಹತ್ತಿರದ ಗುರುತಿನೊಂದಿಗೆ ಪಟ್ಟಿ ಮಾಡಿ, ಛಾಯಾಚಿತ್ರಗಳೊಡನೆ ಕಚೇರಿಗೆ ಸಲ್ಲಿಸಿ ಸ್ವೀಕೃತಿ ಪಡೆಯಿರಿ.