ಕರುಳಿನ ಬ್ಯಾಕ್ಟೀರಿಯಾ ಮತ್ತು ಮಕ್ಕಳ ಮೆದುಳಿನ ಗೆಡ್ಡೆ: ಸಂಶೋಧನೆಯ ಸುದ್ದಿಯನ್ನು ಓದುವ ಬಗೆ

ಮಗುವಿನ ಚಿಕಿತ್ಸೆಗೆಂದು ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಮುಂಬೈನ ಪರೇಲ್‌ನಲ್ಲಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆಗೆ ಬಂದು, ಡೊಂಬಿವಲಿಯ ಬಂಧುಗಳ ಮನೆಯಲ್ಲಿ ಉಳಿದಿರುವ ಕುಟುಂಬಕ್ಕೆ, ಕರುಳನ್ನು ಸರಿಪಡಿಸಿದರೆ ಮೆದುಳಿನ ಗೆಡ್ಡೆ ಕರಗುತ್ತದೆ ಎಂಬ ವಾಟ್ಸಾಪ್ ಸಂದೇಶ ತಲುಪಿದರೆ, ಅಧ್ಯಯನ ಯಾರ ಮೇಲೆ ನಡೆದಿದೆ ಎಂಬುದನ್ನು ಮೊದಲು ನೋಡಬೇಕು. ಇಲಿಗಳಲ್ಲಿ ಕಂಡದ್ದು ಮಗುವಿಗೆ ಹಾಗೆಯೇ ಅನ್ವಯಿಸದು. ಕರುಳಿನ ಬ್ಯಾಕ್ಟೀರಿಯಾಗಳಿಗೂ ಇಮ್ಯುನೋಥೆರಪಿಯ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಬಳಸುವ ಚಿಕಿತ್ಸೆಯ) ಫಲಕ್ಕೂ ನಂಟಿದೆ ಎಂದು 2018ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನಗಳು ಕೂಡ ಮುಖ್ಯವಾಗಿ ಮೆಲನೋಮಾದಂತಹ (ಒಂದು ಬಗೆಯ ಚರ್ಮದ ಕ್ಯಾನ್ಸರ್) ವಯಸ್ಕರ ಕ್ಯಾನ್ಸರ್‌ಗಳನ್ನು ಕುರಿತವು; ಮಕ್ಕಳಲ್ಲಿ ಕಾಣುವ ಮೆದುಳಿನ ಕ್ಯಾನ್ಸರ್ ಗೆಡ್ಡೆಯಾದ ಮೆಡುಲ್ಲೊಬ್ಲಾಸ್ಟೋಮಾ ಬೇರೆಯೇ ಕಾಯಿಲೆ.

ಎರಡನೆಯದಾಗಿ, ಕರುಳಿನ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಲು ಬಳಸಿದ ಮಲದ ಮಾದರಿಯನ್ನು ಯಾವಾಗ ಸಂಗ್ರಹಿಸಿದರು ಎಂಬುದನ್ನು ಹುಡುಕಿ. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಆಂಟಿಬಯೋಟಿಕ್, ಕೀಮೋಥೆರಪಿ, ಮೂಗಿನ ನಳಿಕೆಯ ಮೂಲಕ ಕೊಡುವ ಆಹಾರ, ಇವೆಲ್ಲವೂ ಕರುಳಿನ ಬ್ಯಾಕ್ಟೀರಿಯಾಗಳನ್ನು ಬದಲಿಸುವುದರಿಂದ, ಚಿಕಿತ್ಸೆ ಆರಂಭವಾದ ಮೇಲೆ ತೆಗೆದ ಮಾದರಿಯಲ್ಲಿ ಕಾಣುವ ವ್ಯತ್ಯಾಸವು ಗೆಡ್ಡೆಯ ಕಾರಣವೋ, ಚಿಕಿತ್ಸೆಯ ಪರಿಣಾಮವೋ ಹೇಳಲಾಗದು. ಹೋಲಿಕೆಗೆ ಯಾರನ್ನು ತೆಗೆದುಕೊಂಡಿದ್ದಾರೆ ಎಂಬುದೂ ಮುಖ್ಯ: ಜೋಳದ ರೊಟ್ಟಿ ತಿನ್ನುವ ಮಗುವನ್ನು ವಡಾಪಾವ್ ತಿನ್ನುವ ಮಗುವಿನೊಂದಿಗೆ ಹೋಲಿಸಿದರೆ ಕಾಣುವುದು ಊಟದ ವ್ಯತ್ಯಾಸವೇ ಆಗಿರಬಹುದು, ಒಂದೇ ಮನೆಯ ಒಡಹುಟ್ಟಿದವರಾದರೆ ಉತ್ತಮ.

ಪ್ರೋಬಯೋಟಿಕ್ (ಒಳ್ಳೆಯದೆನ್ನುವ ಜೀವಂತ ಬ್ಯಾಕ್ಟೀರಿಯಾಗಳಿರುವ) ಪುಡಿ, ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಕೊಡಲೇಬೇಡಿ. ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳು ಕುಸಿದಿರುವಾಗ, ಒಳ್ಳೆಯವೆನಿಸಿಕೊಂಡ ಬ್ಯಾಕ್ಟೀರಿಯಾಗಳೂ ಅಪರೂಪಕ್ಕೆ ರಕ್ತವನ್ನು ಸೇರಿ ಸೋಂಕು ಉಂಟುಮಾಡಬಲ್ಲವು. ಅಜ್ಜಿ ಹೆಪ್ಪು ಹಾಕಿದ ಮೊಸರಿನ ಬಗ್ಗೆಯೂ ಆಸ್ಪತ್ರೆಯ ಆಹಾರತಜ್ಞರನ್ನು ಸಂಕೋಚವಿಲ್ಲದೆ ಕೇಳಿ.

ಯಾರಾದರೂ ಪ್ರಯೋಗಕ್ಕೆ ಸೇರಿಸುವುದಾಗಿ ಹೇಳಿದರೆ, ಅದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿದೆಯೇ ಎಂದು ನೋಡಿ, ಒಪ್ಪಿಗೆ ಪತ್ರವನ್ನು ಅರ್ಥವಾಗುವ ಭಾಷೆಯಲ್ಲಿ ಕೇಳಿ ಪಡೆಯಿರಿ.